12ಎ ರೋಟರಿ ಆರ್‌ಎಕ್ಸ್-7: ವರ್ಷಗಟ್ಟಲೆ ನಿಂತ ಎಂಜಿನ್ ಬಿಚ್ಚಬೇಕಾ, ಹಾಗೇ ಸ್ಟಾರ್ಟ್ ಮಾಡಬಹುದಾ?

ಕುಂಬಳೆ ಆರ್‌ಎಕ್ಸ್ (ಕುಂಬಳೆ, ಕಾಸರಗೋಡು):

ಗಾಡಿ 1982ರ ಮಾಜ್ದಾ ಆರ್‌ಎಕ್ಸ್-7, ಬಲಬದಿ ಸ್ಟೇರಿಂಗ್. ಎರಡು ರೋಟರಿನ 12ಎ ಎಂಜಿನ್, ಅದರದ್ದೇ ನಿಕ್ಕಿ ಕಾರ್ಬೊರೇಟರ್, 5 ಸ್ಪೀಡ್ ಗೇರ್‌ಬಾಕ್ಸ್. ಆರ್‌ಸಿ, ಹಳೇ ಕಸ್ಟಮ್ಸ್ ಕಾಗದ ಎಲ್ಲ ಸರಿ ಉಂಟು. ಕೆಲವು ವರ್ಷ ಓಡದೆ ನಿಂತಿದೆ, ಅದೂ ಕಡಲ ಗಾಳಿ ನೇರ ಬಡಿಯುವ ಜಾಗದಲ್ಲಿ. ಈಗ ಮನೆಯ ಅಡಿಕೆ ಶೆಡ್ಡಿಗೆ ತಂದು ನಿಲ್ಲಿಸಿ ಆಗಿದೆ. ಮೇಲೆ ಶೀಟು, ಕೆಳಗೆ ಬರೀ ಮಣ್ಣಿನ ನೆಲ.

ಪಿಸ್ಟನ್ ಎಂಜಿನ್ ಕೆಲಸ ಗೊತ್ತುಂಟು, ರೋಟರಿ (ಪಿಸ್ಟನ್ ಬದಲು ಮೂರು ಮುಖದ ರೋಟರು ತಿರುಗುವ ಎಂಜಿನ್) ಹೊಸದು. ಕೇಳಬೇಕಾದ್ದು ಇಷ್ಟು: ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬಹುದಾ? ಸಾಮಾನ್ಯ ಕಂಪ್ರೆಶನ್ ಗೇಜಿನಲ್ಲಿ ಇದನ್ನು ನೋಡ್ಲಿಕ್ಕೆ ಆಗ್ತದಾ? ಬಿಚ್ಚಬೇಕಾಗಿ ಬಂದರೆ ಅಪೆಕ್ಸ್ ಸೀಲ್ (ರೋಟರಿನ ಮೂಲೆ ತುದಿಯ ಸೀಲು) ಇಲ್ಲೇ ಲೇತಿನಲ್ಲಿ ಮಾಡಿಸಬಹುದಾ? ಬಿಚ್ಚಿದ ಮೇಲೆ ಸ್ಟ್ರೀಟ್ ಪೋರ್ಟ್ (ಗಾಳಿ ಒಳಬರುವ ತೂತು ಕೊರೆದು ದೊಡ್ಡದು ಮಾಡುವುದು) ಮಾಡಿ ವೆಬರ್ ಕಾರ್ಬೊರೇಟರ್ ಕೂರಿಸುವ ಆಸೆಯೂ ಉಂಟು. ಇನ್ನು ಈಗ ಬಂಕಿನಲ್ಲಿ ಸಿಗುವುದು ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲು, ಅದಕ್ಕೆ ಎಂತ ಮಾಡುವುದು?

ಮುಳ್ಳೇರಿಯ ರೋಟರ್ (ಮುಳ್ಳೇರಿಯ):

ಸೆಲ್ಫ್ ಖಂಡಿತ ಬೇಡ. ಒಣಗಿದ ಸೀಲು ಅದರ ಗ್ರೂವಿನಲ್ಲಿ ಅಂಟಿಕೊಂಡಿದ್ದರೆ, ಅಥವಾ ಹೌಸಿಂಗಿನ (ರೋಟರು ತಿರುಗುವ ಗೂಡಿನ) ಕ್ರೋಮಿನ ಮೇಲೆ ತುಕ್ಕಿನ ಗೆರೆ ಕೂತಿದ್ದರೆ, ಸ್ಟಾರ್ಟರಿನ ಮೊದಲ ಎಳೆತಕ್ಕೇ ಸೀಲಿನ ಮೂಲೆ ಮುರಿಯುತ್ತದೆ. ಮುರಿದ ಚೂರು ರೋಟರು, ಹೌಸಿಂಗು ಎರಡನ್ನೂ ಗೀರಿಯೇ ಹೊರಗೆ ಬರುವುದು. ಈ ಎಂಜಿನ್ನಿನಲ್ಲಿ ಅತಿ ದುಬಾರಿ ಭಾಗ ಹೌಸಿಂಗ್, ಅದನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ.

ಒಂದೊಂದು ರೋಟರಿಗೆ ಎರಡರಂತೆ ನಾಲ್ಕೂ ಪ್ಲಗ್ ತೆಗೆಯಿರಿ. ಕೆಳಗಿನದ್ದು ಲೀಡಿಂಗ್, ಮೇಲಿನದ್ದು ಟ್ರೇಲಿಂಗ್. ವಯರುಗಳಿಗೆ ಈಗಲೇ ಟೇಪ್ ಸುತ್ತಿ ಗುರುತು ಹಾಕಿ. ಎರಡೂ ರೋಟರಿಗೆ 30–40 ಮಿ.ಲೀ. ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ ಸಿರಿಂಜಿನಲ್ಲಿ ಬಿಡಿ. ಎಣ್ಣೆ ಬೀಳುವುದು ಆಗ ಪ್ಲಗ್ಗಿನ ಎದುರಿಗಿರುವ ಒಂದು ಮುಖಕ್ಕೆ ಮಾತ್ರ. ರೋಟರು ಒಂದು ಸುತ್ತು ಬರಬೇಕಾದರೆ ಎಕ್ಸೆಂಟ್ರಿಕ್ ಶಾಫ್ಟ್ (ಪಿಸ್ಟನ್ ಎಂಜಿನ್ನಿನ ಕ್ರ್ಯಾಂಕ್ ಇದ್ದ ಹಾಗೆ) ಮೂರು ಸುತ್ತು ತಿರುಗಬೇಕು. ಹಾಗಾಗಿ ಶಾಫ್ಟನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಮುಂದಿನ ಮುಖ ಪ್ಲಗ್ಗಿನ ಎದುರು ಬರುತ್ತದೆ, ಅಲ್ಲಿಗೂ ಅಷ್ಟೇ ಎಣ್ಣೆ. ಮೂರು ಮುಖಕ್ಕೂ ಬಿದ್ದ ಮೇಲೆ ಒಂದು ದಿನವಾದರೂ ನೆನೆಯಲಿ.

ತಿರುಗಿಸುವುದು ಮುಂದಿನ ಪುಲ್ಲಿಯ ನಡುವಿನ 19 ಎಂ.ಎಂ. ಬೋಲ್ಟಿನಲ್ಲಿ, ಎದುರಿನಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಮಾತ್ರ. ಉಲ್ಟಾ ತಿರುಗಿಸಿದರೆ ಆ ಬೋಲ್ಟು ಸಡಿಲ ಆಗುವ ಅಪಾಯ ಉಂಟು, ಅದರ ಹಿಂದೆ ಇರುವ ಬೇರಿಂಗಿನ ಗ್ರಹಚಾರ ಬೇರೆಯೇ. ಕೈಯಳತೆಯ ಹ್ಯಾಂಡಲ್ ಸಾಕು, ಪೈಪು ಸಿಕ್ಕಿಸಿ ಜಗ್ಗಬೇಡಿ. ಬಾರದಿದ್ದರೆ ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಕೈಗೆ ಸರಾಗ ತಿರುಗಿ, ಪ್ರತಿ ಸುತ್ತಿನಲ್ಲೂ "ಪುಸ್ ಪುಸ್" ಅಂತ ಗಾಳಿ ಬಂದರೆ ಒಳ್ಳೆಯ ಲಕ್ಷಣ. ಆಮೇಲೆ ಪ್ಲಗ್ ತೂತಿಗೆ ಬಟ್ಟೆ ಮುಚ್ಚಿ ಸೆಲ್ಫ್ ಹೊಡೆದು ಎಣ್ಣೆ ಹೊರಗೆ ಹಾಕಿ. ಎದುರು ಯಾರೂ ನಿಲ್ಲುವುದು ಬೇಡ, ಬಾಣದ ಹಾಗೆ ಚಿಮ್ಮುತ್ತದೆ.

ಸಾಮಾನ್ಯ ಗೇಜಿನಲ್ಲಿ ಕಂಪ್ರೆಶನ್ ನೋಡಬಹುದು, ಆದರೆ ಅದರೊಳಗಿನ ಒಂದು ದಾರಿಯ ವಾಲ್ವ್ ತೆಗೆಯಲೇಬೇಕು. ಇಲ್ಲದಿದ್ದರೆ ಮೂರು ಮುಖದಲ್ಲಿ ಅತಿ ಒಳ್ಳೆಯದರ ಅಂಕಿ ಮಾತ್ರ ಮುಳ್ಳಿನಲ್ಲಿ ನಿಂತು, ಕೆಟ್ಟ ಎರಡೂ ಮರೆಯಾಗುತ್ತವೆ. ವಾಲ್ವ್ ತೆಗೆದ ಗೇಜನ್ನು ಟ್ರೇಲಿಂಗ್ ತೂತಿಗೆ ಹಾಕಿ. ಆ ರೋಟರಿನ ಲೀಡಿಂಗ್ ಪ್ಲಗ್ ಮತ್ತೆ ಹಾಕಿ ಬಿಗಿದಿರಲಿ. ಇಗ್ನಿಶನ್ ವಯರು, ಹಿಂಬದಿಯ ಎಲೆಕ್ಟ್ರಿಕ್ ಪೆಟ್ರೋಲ್ ಪಂಪಿನ ವಯರು ಎರಡೂ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಮುಳ್ಳು ಸೆಕೆಂಡಿಗೆ ಸುಮಾರು ನಾಲ್ಕು ಸಲ ಕುಣಿಯುತ್ತದೆ. ಮೊಬೈಲಿನಲ್ಲಿ ಸ್ಲೋ ಮೋಶನ್ ವಿಡಿಯೋ ತೆಗೆದು ಮೂರು ಮೂರರ ಗುಂಪಾಗಿ ಓದಿ. 250 ಆರ್‌ಪಿಎಂನಲ್ಲಿ ಪ್ರತಿ ಮುಖಕ್ಕೂ ಕಡಿಮೆಯೆಂದರೆ ಚದರ ಸೆಂ.ಮೀ.ಗೆ 6.0 ಕೆ.ಜಿ. (85 ಪಿಎಸ್‌ಐ) ಇರಬೇಕು. ಒಂದೇ ರೋಟರಿನ ಮುಖಗಳ ನಡುವೆ 1.5ಕ್ಕಿಂತ, ಎರಡು ರೋಟರುಗಳ ನಡುವೆ 1.0ಕ್ಕಿಂತ ಹೆಚ್ಚು ಅಂತರ ಬರಬಾರದು. ಬ್ಯಾಟರಿ ಬಲ ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ, ಪೂರ್ತಿ ಚಾರ್ಜ್ ಆದದ್ದನ್ನೇ ಕೊಡಿ. ಅಂಕಿ ಇಲ್ಲಿ ಹಾಕಿ, ಬಿಚ್ಚುವ ಮಾತು ಆಮೇಲೆ.

ಮಂಜೇಶ್ವರ ಟಿಂಕರಿಂಗ್ (ಮಂಜೇಶ್ವರ):

ಎಂಜಿನ್ ನೆನೆಯುವಾಗ ಬೋಡಿ ನೋಡಿ ಮುಗಿಸಿ, ಯಾಕೆಂದರೆ ಬೋಡಿ ಹೋಗಿದ್ದರೆ ಎಂಜಿನ್ನಿಗೆ ಹಾಕುವ ದುಡ್ಡು ವ್ಯರ್ಥ. ಈ ಮಾಡೆಲಿನಲ್ಲಿ ತುಕ್ಕು ಹಿಡಿಯುವ ಜಾಗ: ಹಿಂದಿನ ಚಕ್ರದ ಕಮಾನಿನ ಒಳಪದರ, ಚಕ್ರದ ಹಿಂಬದಿಯ ಕೆಳಮೂಲೆ, ಬಾಗಿಲ ಕೆಳಗಿನ ಸಿಲ್, ಬ್ಯಾಟರಿ ತಟ್ಟೆಯ ಅಡಿ, ಸ್ಟೆಪ್ನಿ ಗುಂಡಿ. ಹಿಂದಿನ ಗಾಜಿನ ಬಾಗಿಲ ರಬ್ಬರು ಬಿರಿದರೆ ಮಳೆನೀರು ಸದ್ದಿಲ್ಲದೆ ಇಳಿದು ಆ ಗುಂಡಿಯಲ್ಲೇ ನಿಲ್ಲುತ್ತದೆ. ಕಾರ್ಪೆಟ್ ಎತ್ತದೆ ಕಾಣುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯುತ್ತಾ ಹೋಗಿ, "ಟಣ್" ಬದಲು "ದಬ್" ಅಂದಲ್ಲಿ ಚುಚ್ಚಿ ನೋಡಿ.

ಪ್ಯಾಚಿಗೆ 20 ಗೇಜಿನ ಸಿಆರ್‌ಸಿ ಶೀಟು. ಮಿಗ್ ವೆಲ್ಡಿಂಗೇ ಬೇಕು, 0.6 ಅಥವಾ 0.8 ವಯರು. ಉದ್ದಕ್ಕೆ ಎಳೆಯಬೇಡಿ. ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕಿ, ತಣಿಯಲು ಬಿಟ್ಟು, ನಡುವೆ ತುಂಬಿಸುತ್ತಾ ಬನ್ನಿ. ಇಲ್ಲದಿದ್ದರೆ ಶೀಟು ಸೊಟ್ಟ ಆಗುತ್ತದೆ. ಹಳೇ ಶೀಟಿನ ಮೇಲೆ ಹೊಸತು ಅಂಟಿಸಿದರೆ ನಡುವಿನ ಸಂದಿಯಲ್ಲಿ ಉಪ್ಪುನೀರು ಕೂತು ಎರಡೂ ಹೋಗುತ್ತವೆ, ಹಾಗಾಗಿ ಕೊಯ್ದು ತೆಗೆದು ಅಂಚಿಗೆ ಅಂಚು ಸೇರಿಸಿ. ಬರಿ ಲೋಹಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಪುಟ್ಟಿ ಹಾಕುವುದಿದ್ದರೆ ಎಪಾಕ್ಸಿಯ ಮೇಲೆ, ಕೆಳಗೆ ಅಲ್ಲ. ಪುಟ್ಟಿ ಗಾಳಿಯ ತೇವ ಕುಡಿಯುತ್ತದೆ, ಆಟಿ ತಿಂಗಳಲ್ಲಿ ಮಾಡಿದ ಕೆಲಸ ಮುಂದಿನ ಬೇಸಗೆಯಲ್ಲಿ ಗುಳ್ಳೆ ಏಳುವುದು ಅದಕ್ಕೇ. ಪೇಂಟಿನ ಕೆಲಸ ಡಿಸೆಂಬರಿನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಸಿಲ್ಲಿನ ಒಳಗೆ ಕೊನೆಗೆ ಮೇಣದ ಸ್ಪ್ರೇ, ನೀರು ಹೋಗುವ ತೂತು ಮುಚ್ಚದ ಹಾಗೆ.

ಮಣ್ಣಿನ ನೆಲ ಅಂದಿರಿ. ಕಾಂಕ್ರೀಟ್ ಹಾಕಲು ಆಗದಿದ್ದರೆ ದಪ್ಪ ಟಾರ್ಪಾಲು ಹಾಸಿ ಮೇಲೆ ಹಲಗೆ ಇಡಿ. ನೆಲದ ತೇವ ಗಾಡಿಯ ಹೊಟ್ಟೆಗೇ ಬಡಿಯುವುದು. ಮೇಲಿನಿಂದ ಪ್ಲಾಸ್ಟಿಕ್ ಹೊದಿಸಲೇಬೇಡಿ, ಒಳಗೆ ಬೆವರುತ್ತದೆ.

ಬ್ರೇಕ್ ಕ್ಯಾಲಿಪರ್, ಹೋಸು, ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕು – ಇವು ನಿಂತ ಎಲ್ಲ ಗಾಡಿಗೂ ಇದ್ದದ್ದೇ, ನಿಮಗೆ ಗೊತ್ತಿರುತ್ತದೆ.

ಕುಂಬಳೆ ಆರ್‌ಎಕ್ಸ್:

ಎಣ್ಣೆ ಬಿಟ್ಟು ನೆನೆಸಿದ ಮೇಲೆ ಕೈಯಲ್ಲಿ ತಿರುಗಿತು. ಕಂಪ್ರೆಶನ್ ಹೀಗೆ ಬಂತು, ಹೊಸ ಬ್ಯಾಟರಿಯಲ್ಲಿ: ಮುಂದಿನ ರೋಟರು 6.2, 6.0, 6.3. ಹಿಂದಿನ ರೋಟರು 5.8, 3.2, 3.1. ಎರಡು ಸಲ ತೆಗೆದರೂ ಹಿಂದಿನದ್ದು ಅದೇ ಲಯ: ಒಂದು ಬಲ, ಎರಡು ಸೋತದ್ದು.

ಹೊಸೂರು ಮೈಕ್ರೊಮೀಟರ್ (ಹೊಸೂರು, ಕೃಷ್ಣಗಿರಿ ಜಿಲ್ಲೆ):

ಈ ಲಯ ಓದೋದು ಸುಲಭ. ಒಂದು ಅಪೆಕ್ಸ್ ಸೀಲು ಅಕ್ಕಪಕ್ಕದ ಎರಡು ಕೋಣೆಗೆ ಗೋಡೆ. ಅದು ಕೆಲಸ ಬಿಟ್ಟರೆ ಎರಡೂ ಕೋಣೆ ಸೋಲುತ್ತೆ, ಮೂರನೇದು ಸುಮಾರಾಗಿ ಉಳಿಯುತ್ತೆ. ಒಂದೇ ಒಂದು ಸೋತು ಎರಡು ಚೆನ್ನಾಗಿದ್ದರೆ ಸೈಡ್ ಸೀಲನ್ನು (ರೋಟರಿನ ಪಕ್ಕದ ಸೀಲು) ಅನುಮಾನಿಸಬೇಕಿತ್ತು. ಮೂರೂ ಸಮನಾಗಿ ಕಮ್ಮಿ ಇದ್ದರೆ ಸವೆತ. ನಿಮ್ಮದರಲ್ಲಿ ಹಿಂದಿನ ರೋಟರಿನ ಒಂದು ಅಪೆಕ್ಸ್ ಸೀಲು ಗ್ರೂವಿನಲ್ಲಿ ಅಂಟಿದೆ, ಇಲ್ಲವೇ ಮುರಿದಿದೆ.

ಯಾವುದು ಅಂತ ತಿಳಿಯೋಕೆ ಎಂಜಿನ್ ಇಳಿಸಬೇಕಾಗಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಪೋರ್ಟಿನೊಳಗೆ ಟಾರ್ಚ್ ಬಿಡಿ. ಇನ್ನೊಬ್ಬರು ಶಾಫ್ಟನ್ನು ನಿಧಾನಕ್ಕೆ ತಿರುಗಿಸುವಾಗ ಸೀಲುಗಳು ಒಂದೊಂದಾಗಿ ಎದುರಿಗೆ ಬರುತ್ತವೆ. ಬಿದಿರಿನ ಕಡ್ಡಿಯಿಂದ ಒತ್ತಿ. ಸ್ಪ್ರಿಂಗ್ ಮೇಲೆ ಒಳಗೆ ಹೋಗಿ ಮತ್ತೆ ಎದ್ದು ಬಂದರೆ ಸರಿ. ಕದಲದಿದ್ದರೆ ಅಂಟಿದೆ, ಅಂಚು ಹಲ್ಲು ಮುರಿದಂತೆ ಕಂಡರೆ ಬಿಚ್ಚೋದೇ. ಅಂಟಿದ್ದಾದರೆ ಅದರ ಮೇಲೇ ಎಟಿಎಫ್ ಬಿಟ್ಟು ದಿನಾ ಒತ್ತುತ್ತಾ ಬಿಡಿಸಬಹುದು. ಆದರೆ ಸಮುದ್ರದ ಗಾಳಿಯಲ್ಲಿ ನಿಂತ ಎಂಜಿನ್ ಇದು, ನೀರಿನ ಸೀಲುಗಳಿಗೂ ನಲವತ್ತು ದಾಟಿದ ವಯಸ್ಸು. ನನ್ನ ಮಾತು ಕೇಳೋದಾದರೆ ಬಿಚ್ಚಿಬಿಡಿ.

ಅಪೆಕ್ಸ್ ಸೀಲನ್ನು ಲೇತಿನಲ್ಲೋ ಗ್ರೈಂಡರಿನಲ್ಲೋ ಮಾಡಿಸಬೇಡಿ. ಅಳತೆ ಹಿಡಿಯೋದು ಕಷ್ಟವಲ್ಲ, ಲೋಹ ಕಷ್ಟ. ಮೂಲದ ಸೀಲು ವಿಶೇಷ ಎರಕದ ಕಬ್ಬಿಣ. ಸಿಕ್ಕಿದ ಟೂಲ್ ಸ್ಟೀಲಿನಲ್ಲಿ ಮಾಡಿದರೆ ಹೌಸಿಂಗಿನ ಕ್ರೋಮನ್ನೇ ಉಳುತ್ತೆ. ಆ ಹೌಸಿಂಗ್ ಅಲ್ಯುಮಿನಿಯಮ್, ಒಳಗೆ ಉಕ್ಕಿನ ಹಾಳೆ, ಅದರ ಮೇಲೆ ಕ್ರೋಮು. ಬೋರಿಂಗ್ ಮಾಡಿ ಓವರ್‌ಸೈಜ್ ಹಾಕೋ ದಾರಿ ಇಲ್ಲಿ ಇಲ್ಲವೇ ಇಲ್ಲ. ಸೀಲು, ಸ್ಪ್ರಿಂಗು, ನೀರಿನ ಓ-ರಿಂಗು ಹೊರದೇಶದಿಂದಲೇ ತರಿಸಿ. ಆರ್ಡರ್ ಮಾಡುವಾಗ 12ಎ, 1982, 3 ಎಂ.ಎಂ. ಅಪೆಕ್ಸ್ ಸೀಲು ಅಂತ ಸ್ಪಷ್ಟವಾಗಿ ಬರೆಯಿರಿ. 1986ರಿಂದ ಬಂದ 13ಬಿ ರೋಟರಿ ಎಂಜಿನ್ನಿಗೆ 2 ಎಂ.ಎಂ. ಸೀಲು, ಅದರಲ್ಲಿ ನೀರಿನ ಸೀಲಿನ ಗ್ರೂವೂ ರೋಟರ್ ಹೌಸಿಂಗ್ ಬಿಟ್ಟು ಪಕ್ಕದ ಕಬ್ಬಿಣದ ಪ್ಲೇಟಿಗೆ ಹೋಗಿದೆ. ನಿಮ್ಮದರಲ್ಲಿ ಆ ಗ್ರೂವ್ ಹೌಸಿಂಗಿನಲ್ಲೇ ಇರೋದರಿಂದ ಅದರ ತೆಳು ಗೋಡೆ ಕೊರೆದುಹೋಗಿದೆಯಾ ಅಂತ ಮೊದಲು ನೋಡಿ.

ಬಿಚ್ಚಿದ ಮೇಲೆ ಅಳೆಯಬೇಕಾದ್ದು. ಪಕ್ಕದ ಪ್ಲೇಟಿನ ಸೊಟ್ಟು 0.04 ಎಂ.ಎಂ. ಒಳಗೆ, ಸೀಲು ಓಡಿದ ಜಾಗದ ಮೆಟ್ಟಿಲು ಸವೆತ 0.10 ಒಳಗೆ. ಮೀರಿದ್ದರೆ ಲ್ಯಾಪಿಂಗ್ (ಉಜ್ಜಿ ಸಮತಟ್ಟು) ಮಾಡಿಸಬಹುದು, ಆದರೆ ನೈಟ್ರೈಡ್ ಮಾಡಿದ ಪ್ಲೇಟಾದರೆ ಆ ಗಟ್ಟಿ ಪದರ ಹೋಗುತ್ತೆ, ಆಮೇಲೆ ಬೇಗ ಸವೆಯುತ್ತೆ. ಅಪೆಕ್ಸ್ ಸೀಲಿನ ಎತ್ತರ ಹೊಸದರಲ್ಲಿ 8.5, ಮಿತಿ 7.0. ರೋಟರ್ ಬೇರಿಂಗಿನ ಸಂದು 0.10 ದಾಟಬಾರದು. ಶಾಫ್ಟನ್ನು ವಿ-ಬ್ಲಾಕಿನ ಮೇಲಿಟ್ಟು ಡಯಲ್ ಹಿಡಿದರೆ ಓಟ (ತಿರುಗುವಾಗಿನ ಡೊಂಕು) 0.06 ಒಳಗಿರಬೇಕು. ಸೈಡ್ ಸೀಲು ಸ್ವಲ್ಪ ಉದ್ದಕ್ಕೆ ಬರುತ್ತೆ; ಪ್ರತಿಯೊಂದನ್ನೂ ಅದರದ್ದೇ ಗ್ರೂವಿನಲ್ಲಿ ಕೂರಿಸಿ, ಕಾರ್ನರ್ ಸೀಲಿಗೂ (ರೋಟರಿನ ಮೂಲೆಯ ದುಂಡು ಸೀಲು) ಅದಕ್ಕೂ ನಡುವೆ 0.05ರಿಂದ 0.15 ಸಂದು ಬರೋ ಹಾಗೆ ತುದಿ ಉಜ್ಜಬೇಕು. ಹೆಚ್ಚು ಉಜ್ಜಿದರೆ ಆ ಸೀಲು ಕಸಕ್ಕೆ. ಕಂಪ್ರೆಶನ್ ಬರೋದು ಬಿಡೋದು ಬಹುಪಾಲು ಈ ಸಂದಿನ ಮೇಲಿದೆ, ಇಲ್ಲಿ ಅವಸರ ಬೇಡ.

ಫ್ಲೈವೀಲಿನ ನಟ್ಟು 54 ಎಂ.ಎಂ. ಲಾರಿ ಕೆಲಸದ ಅಂಗಡಿಯಲ್ಲಿ ಸಾಕೆಟ್ ಕೇಳಿ. 55 ಹಾಕಿದರೆ ಮೂಲೆ ಸವರಿಹೋಗುತ್ತೆ. ಮುಕ್ಕಾಲು ಇಂಚಿನ ಡ್ರೈವ್, ಫ್ಲೈವೀಲ್ ತಡೆಯೋಕೆ ಒಂದು ಪಟ್ಟಿ ಬೇಕು – ಆ ಪಟ್ಟಿಯನ್ನ ಯಾವ ಲೇತ್ ಅಂಗಡಿಯಲ್ಲೂ ಮಾಡಿಕೊಡ್ತಾರೆ. ಮತ್ತೆ ಬಿಗಿ ಮಾಡುವಾಗ 392ರಿಂದ 490 ನ್ಯೂಟನ್ ಮೀಟರ್. ಉದ್ದದ ಟೆನ್ಶನ್ ಬೋಲ್ಟುಗಳು ಬರೀ 31ರಿಂದ 39. ಅವನ್ನು ಮ್ಯಾನ್ಯುಯಲ್ಲಿನ ಕ್ರಮದಲ್ಲೇ, ಎರಡು ಮೂರು ಸುತ್ತಿನಲ್ಲಿ ಏರಿಸಿ. ಒಂದೇ ಸಲ ಬಿಗಿದರೆ ನೀರಿನ ಸೀಲು ಒಂದು ಕಡೆ ಹಿಸುಕಿಹೋಗುತ್ತೆ.

ಅಕ್ಕಲಕೋಟ ಕಾರ್ಬೊರೇಟರ್ (ಅಕ್ಕಲಕೋಟ, ಸೊಲ್ಲಾಪುರ ಜಿಲ್ಲೆ):

ಕಾರ್ಬೊರೇಟರ್ ಮಾತಿಗೆ ಬರ್ತೀನಿ. ವೆಬರ್ ಹಚ್ಚೂಕಿಂತ ಮೊದಲ ಒಂದ್ ವಿಷಯ ತಿಳಕೊಳ್ರಿ. 12ಎದಾಗ ಆಯಿಲ್ ಮೀಟರಿಂಗ್ ಪಂಪಿನ ಎರಡು ಸಣ್ಣ ಪೈಪು ನಿಕ್ಕಿ ಕಾರ್ಬೊರೇಟರಿಗೇ ಬರ್ತಾವ. ಅಪೆಕ್ಸ್ ಸೀಲಿಗೆ ಎಣ್ಣಿ ಮುಟ್ಟೂದು ಅದೇ ದಾರಿಲೆ. ನಿಕ್ಕಿ ತೆಗದ್ರ ಆ ಪೈಪಿಗೆ ಜಾಗಾ ಇರಂಗಿಲ್ಲ. ಹಂಗ ಮುಚ್ಚಿಬಿಟ್ಟು ಬರೇ ಪೆಟ್ರೋಲ್ ಮ್ಯಾಲೆ ಓಡಿಸಿದ್ರ ಹೊಸಾ ಸೀಲು ಒಣಗೇ ಸವೀತಾವ. ಪಂಪ್ ತೆಗದ್ರ ಪ್ರತಿ ಲೀಟರ್ ಪೆಟ್ರೋಲಿಗೆ 10 ಮಿ.ಲೀ. ಟೂ-ಸ್ಟ್ರೋಕ್ ಎಣ್ಣಿ, ಜೆಎಎಸ್‌ಒ ಎಫ್‌ಸಿ ಅಥವಾ ಎಫ್‌ಡಿ ದರ್ಜೆದು, ಒಂದು ಸಲಾನೂ ತಪ್ಪಂಗಿಲ್ಲ. ಪಂಪ್ ಇದ್ರೂ 5 ಮಿ.ಲೀ. ಹಾಕೂದು ಒಳ್ಳೇದು.

ಇ20 ಬಗ್ಗೆ. ಶುದ್ಧ ಪೆಟ್ರೋಲಿಗೆ ಗಾಳಿ ಮತ್ತು ಇಂಧನದ ಪ್ರಮಾಣ 14.7ಕ್ಕ 1, ಇ20ಗೆ ಸುಮಾರು 13.5ಕ್ಕ 1. ಅಂದ್ರ ಅದೇ ಗಾಳಿಗೆ 8–9% ಹೆಚ್ಚು ಇಂಧನ ಬೇಕು. ಜೆಟ್ಟಿನ ವ್ಯಾಸ ಅಷ್ಟು ಹೆಚ್ಚಾಗಬೇಕಿಲ್ಲ, ಹರಿವು ನಡಿಯೂದು ತೂತಿನ ವಿಸ್ತೀರ್ಣದ ಮ್ಯಾಲೆ. 100 ನಂಬರಿನ ಮೇನ್ ಜೆಟ್ ಇದ್ರ 104–105 ಸಾಕು. ಜೆಟ್ ಕೊರೀಬ್ಯಾಡ್ರಿ, ಅಳತಿದ್ದು ತರಸ್ರಿ. ವೈಡ್‌ಬ್ಯಾಂಡ್ ಗೇಜ್ (ಎಕ್ಸಾಸ್ಟಿನ್ಯಾಗ ಗಾಳಿ-ಇಂಧನದ ಪ್ರಮಾಣ ಅಳಿಯೂ ಗೇಜ್) ಹಚ್ಚಿದ್ರ ಲ್ಯಾಂಬ್ಡಾ ಅಂಕಿ ನೋಡ್ರಿ, ಅದರಾಗ 1 ಅಂದ್ರ ಸರಿ ಪ್ರಮಾಣ, ಕಡಿಮಿ ಅಂದ್ರ ಇಂಧನ ಹೆಚ್ಚು. ಅದು ತೋರಸೂ 14.7ರ ಲೆಕ್ಕ ಶುದ್ಧ ಪೆಟ್ರೋಲಿಂದು. ಪೂರ್ತಿ ಥ್ರಾಟಲಿನ್ಯಾಗ 0.85ರ ಆಸುಪಾಸು ಇಡ್ರಿ. ಸೆನ್ಸರ್ ಎಂಜಿನ್ನಿನಿಂದ ಒಂದ್ ಮೀಟರ್ ದೂರ ಇರ್ಲಿ, ರೋಟರಿ ಎಕ್ಸಾಸ್ಟಿನ ಕಾವಿಗೆ ಹತ್ತಿರದ್ದು ಉಳಿಯಂಗಿಲ್ಲ.

ಹಳೇ ಪೆಟ್ರೋಲ್ ಹೋಸು ಅಷ್ಟೂ ತಗದ್ ಒಗೀರಿ, ಎಥನಾಲ್ ತಡಿಯೂ ಹೋಸು ಹಾಕ್ರಿ. ನಿಕ್ಕಿದಾಗಿನ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮೂ ಹೊಸದಾಗ್ಲಿ. ಇ20 ಗಾಳಿಯಾಗಿನ ನೀರು ಎಳಕೋತದ, ನಿಮ್ಮ ಕಡೆ ಮಳಿಗಾಲದಾಗ ಕೇಳೂದೇ ಬ್ಯಾಡ. ಗಾಡಿ ನಿಲ್ಲಸೂದಿದ್ರ ಫ್ಲೋಟ್ ಬೌಲ್ ಖಾಲಿ ಮಾಡ್ರಿ.

ವೆಬರಿಗೆ 3 ಪಿಎಸ್‌ಐ ಆಸುಪಾಸಿನ ಒತ್ತಡ ಸಾಕು, ಹೆಚ್ಚಾದ್ರ ಸೂಜಿ ವಾಲ್ವ್ ತಡಿಯಂಗಿಲ್ಲ, ಎಂಜಿನ್ ಫ್ಲಡ್ ಆಗ್ತದ. ಹಂಗಾಗಿ ರೆಗ್ಯುಲೇಟರ್ ಬೇಕೇ ಬೇಕು. ಆದ್ರ ನಿಕ್ಕಿ ಕೆಟ್ಟ ಕಾರ್ಬೊರೇಟರ್ ಅಲ್ರಿ. ಮೊದಲ ಅದರ ಮ್ಯಾಲೇ ಎಂಜಿನ್ ಪಳಗಸ್ರಿ.

ಇಗ್ನಿಶನ್: ಪುಲ್ಲಿ ಮ್ಯಾಲೆ ಎರಡು ಗುರುತು, ಹಳದಿ ಲೀಡಿಂಗಿಗೆ, ಕೆಂಪು ಟ್ರೇಲಿಂಗಿಗೆ. ಲೀಡಿಂಗ್ 0 ಡಿಗ್ರಿ, ಟ್ರೇಲಿಂಗ್ ಟಿಡಿಸಿ (ಕೋಣಿ ಅತಿ ಸಣ್ಣದಾಗೂ ಬಿಂದು) ಆದಮ್ಯಾಲೆ 20 ಡಿಗ್ರಿ. ಬಾನೆಟ್ ಚೀಟಿದಾಗ ಬ್ಯಾರೆ ಇದ್ರ ಚೀಟಿನೇ ಖರೆ. ಎರಡರ ವಯರು ಅದಲುಬದಲು ಆದ್ರ ಎಂಜಿನ್ ಚಾಲೂ ಆಗಬಹುದು, ಆದ್ರ ಎಳಿಯಂಗಿಲ್ಲ, ಕಾಯ್ತದ.

ಮುಳ್ಳೇರಿಯ ರೋಟರ್:

ಸ್ಟ್ರೀಟ್ ಪೋರ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಬಿಚ್ಚಿದಾಗಲೇ ಮಾಡಬೇಕಾದ ಕೆಲಸ ಅದು, ನಿಜ. ಆದರೂ ಈ ಎಂಜಿನ್ನಿಗೆ ಬೇಡ ಅನ್ನುತ್ತೇನೆ. ಇನ್‌ಟೇಕ್ ಪೋರ್ಟನ್ನು ತಡವಾಗಿ ಮುಚ್ಚುವ ಹಾಗೆ ಕೊರೆದರೆ ಲಾಭ ಸಿಗುವುದು ಮೇಲಿನ ಆರ್‌ಪಿಎಂನಲ್ಲಿ. ಕುಂಬಳೆಯಿಂದ ಬದಿಯಡ್ಕಕ್ಕೆ ಹತ್ತಿಳಿಯುವ ರಸ್ತೆಗೆ ಬೇಕಾದ್ದು ಕೆಳಗಿನ ಎಳೆತ. ಕೊರೆಯುವಾಗ ಕೈ ತಪ್ಪಿ ಕಾರ್ನರ್ ಸೀಲಿನ ಓಟದ ದಾರಿಗೆ ಬಿದ್ದರೆ ಪ್ಲೇಟು ಹೋಯಿತು.

ಕಾನೂನೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲಿ. 182ಎ ಕಲಂನಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಇನ್ನೊಂದು ಲೆಕ್ಕ: 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಚಾಸಿ, ಬೋಡಿ, ಎಂಜಿನ್ ಬದಲಾಗದ ಗಾಡಿಗೆ ಮಾತ್ರ ಅವಕಾಶ. ನಿಮ್ಮದಕ್ಕೆ 2032ಕ್ಕೆ 50 ತುಂಬುತ್ತದೆ. ಬಿಚ್ಚಿದ ಮೂಲ ಭಾಗ ಒಂದನ್ನೂ ಗುಜರಿಗೆ ಕೊಡಬೇಡಿ.

ಹೊಸೂರು ಮೈಕ್ರೊಮೀಟರ್:

ಪೋರ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಆಕಾರ ಬದಲಿಸದೆ, ಪೋರ್ಟಿನೊಳಗಿನ ಎರಕದ ಗಂಟು ಸವರಿ, ಮ್ಯಾನಿಫೋಲ್ಡ್ ಮತ್ತು ಗ್ಯಾಸ್ಕೆಟ್ ಅಂಚು ಹೊಂದಿಸಿದರೆ ನಷ್ಟ ಏನಿಲ್ಲ. ಆದರೆ ಸೀಲು ಓಡುವ ಮುಖದ ಕಡೆಯಿಂದ ಒಂದು ಎಂ.ಎಂ. ಕೂಡ ಮುಟ್ಟಬೇಡಿ, ಅಲ್ಲಿ ಅವರ ಮಾತೇ ಸರಿ.

ಬಲ ಹೆಚ್ಚಿಸೋದಕ್ಕಿಂತ ತಂಪು ಮುಖ್ಯ. ಈ ಎಂಜಿನ್ ಒಂದು ಸಲ ಚೆನ್ನಾಗಿ ಕಾದರೆ ಅಲ್ಯುಮಿನಿಯಮ್ ಹೌಸಿಂಗು ಕಬ್ಬಿಣದ ಪ್ಲೇಟಿಗಿಂತ ಹೆಚ್ಚು ಹಿಗ್ಗಿ ನೀರಿನ ಸೀಲು ಬಿಡುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ನೀರು ಕಮ್ಮಿ ಆಗ್ತಾ ಹೋಗೋದು ಅದರ ಗುರುತು. ರೇಡಿಯೇಟರ್ ಹೊಸ ಕೋರ್, ಫ್ಯಾನ್ ಕ್ಲಚ್, ಥರ್ಮೋಸ್ಟಾಟ್ ಹಾಕಿ. ಮುಂದಿನ ಆಯಿಲ್ ಕೂಲರ್ ಅಲ್ಯುಮಿನಿಯಮ್, ಉಪ್ಪುಗಾಳಿಗೆ ಅದರ ಪೈಪ್ ತಿರುಪು ಕಚ್ಚಿಕೊಂಡಿರುತ್ತೆ. ಎರಡು ಪಾನಾ ಹಿಡಿದು ಬಿಚ್ಚಿ, ಒಂದೇ ಪಾನಾದಲ್ಲಿ ಜಗ್ಗಿದರೆ ಕೂಲರಿನ ಕೊರಳೇ ತಿರುಚಿ ಹೋಗುತ್ತೆ.

ಕುಂಬಳೆ ಆರ್‌ಎಕ್ಸ್:

ಎಕ್ಸಾಸ್ಟ್ ಪೋರ್ಟಿನಿಂದ ನೋಡಿದೆ. ಹಿಂದಿನ ರೋಟರಿನ ಒಂದು ಸೀಲು ಕಡ್ಡಿಗೆ ಕದಲುವುದಿಲ್ಲ, ಅಂಚು ಮಾತ್ರ ಪೂರ್ತಿ ಉಂಟು. ಎಂಜಿನ್ ಇಳಿಸಿ ಬಿಚ್ಚುವುದು ಅಂತ ತೀರ್ಮಾನ. ನಿಕ್ಕಿ, ಆಯಿಲ್ ಮೀಟರಿಂಗ್ ಪಂಪ್ ಎರಡೂ ಉಳಿಯುತ್ತವೆ, ಪೋರ್ಟ್ ಮುಟ್ಟುವುದಿಲ್ಲ. ಜೋಡಿಸುವಾಗ ಹೆಚ್ಚಾಗಿ ತಪ್ಪುವುದು ಎಲ್ಲಿ?

ಹೊಸೂರು ಮೈಕ್ರೊಮೀಟರ್:

ಮುಂಭಾಗದ ಥ್ರಸ್ಟ್ ಬೇರಿಂಗಿನಲ್ಲಿ. ಸೂಜಿ ಬೇರಿಂಗು, ನಡುವೆ ಸ್ಪೇಸರ್, ಅದರಾಚೆ ಇನ್ನೊಂದು ಬೇರಿಂಗು. ಮುಂಭಾಗ ಜೋಡಿಸುವಾಗ ಎಂಜಿನ್ ಮೂತಿ ಮೇಲೆ ಮಾಡಿ ನಿಂತಿರಬೇಕು. 19 ಎಂ.ಎಂ. ಬೋಲ್ಟು 98–118 ನ್ಯೂಟನ್ ಮೀಟರಿಗೆ ಬಿಗಿಯಾಗೋವರೆಗೆ ಮಲಗಿಸಬೇಡಿ. ಮಲಗಿಸಿದರೆ ಬೇರಿಂಗ್ ಜಾರಿ ಸ್ಪೇಸರಿನ ಅಂಚಿಗೆ ಸಿಕ್ಕಿಕೊಳ್ಳುತ್ತೆ, ಬೋಲ್ಟು ಬಿಗಿಯುವಾಗ ಜಜ್ಜಿಹೋಗುತ್ತೆ. ಬಿಗಿದ ಮೇಲೆ ಫ್ಲೈವೀಲಿಗೆ ಡಯಲ್ ಹಿಡಿದು ಶಾಫ್ಟನ್ನು ಹಿಂದೆ ಮುಂದೆ ತಳ್ಳಿ: 0.04ರಿಂದ 0.07 ಆಟ ಇರಬೇಕು, 0.09 ಮಿತಿ. ಆಟವೇ ಇಲ್ಲದಿದ್ದರೆ ಬೇರಿಂಗ್ ಸಿಕ್ಕಿದೆ, ಮತ್ತೆ ಬಿಚ್ಚಿ. ಹೆಚ್ಚಿದ್ದರೆ ಸ್ಪೇಸರ್ ಬದಲಿಸಬೇಕು. ನೀರಿನ ಓ-ರಿಂಗುಗಳನ್ನು ವ್ಯಾಸಲೀನ್ ಹಚ್ಚಿ ಗ್ರೂವಿನಲ್ಲಿ ಕೂರಿಸಿ. ಗ್ರೀಸು ಬೇಡ, ಕೆಲವು ಗ್ರೀಸಿಗೆ ರಬ್ಬರು ಉಬ್ಬುತ್ತೆ.

ಮಂಜೇಶ್ವರ ಟಿಂಕರಿಂಗ್:

ಒಂದು ಸೇರಿಸುವುದುಂಟು. ಬಿಚ್ಚಿದ ಕಬ್ಬಿಣದ ಪ್ಲೇಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಹಾಗೇ ಬೆಂಚಿನ ಮೇಲಿಟ್ಟರೆ ಜೂನಿನಲ್ಲಿ ಬೆಳಗಾಗುವಾಗ ಕೆಂಪು ಹಿಡಿದಿರುತ್ತದೆ. ತೊಳೆದ ಕೂಡಲೆ ಒಣಗಿಸಿ, ಎಂಜಿನ್ ಎಣ್ಣೆ ದಪ್ಪಕ್ಕೆ ಸವರಿ, ಪ್ಲಾಸ್ಟಿಕಿನಲ್ಲಿ ಸುತ್ತಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮನೆಯೊಳಗೆ ಇಡಿ, ಶೆಡ್ಡಿನಲ್ಲಿ ಅಲ್ಲ. ಸೀಲುಗಳನ್ನು ಮುಂದಿನ ರೋಟರು, ಹಿಂದಿನ ರೋಟರು ಅಂತ ಬೇರೆ ಬೇರೆ ಡಬ್ಬಿಗೆ ಹಾಕಿ, ಪ್ರತಿ ಮೂಲೆಗೂ ನಂಬರ್ ಬರೆಯಿರಿ. ಮಾರ್ಕರ್ ಎಣ್ಣೆಗೆ ಅಳಿಸಿಹೋಗುತ್ತದೆ, ಚೀಟಿ ಬರೆದು ಡಬ್ಬಿಯ ಹೊರಗೆ ಅಂಟಿಸಿ.